ಇಡೀ ಊರೇ ಒಂದು ಛತ್ರ

ಸಂಜೆಯಾದರೆ ಜಪಾನಿನ ಕಿನೋಸಾಕಿಯ ಬೀದಿ ತುಂಬ ಕಟಕ್ ಕಟಕ್ ಸದ್ದು. ಗೇತಾ ಎಂಬ ಮರದ ಪಾದುಕೆ ಮೆಟ್ಟಿ, ಯುಕಾತಾ ಎಂಬ ತೆಳು ಹತ್ತಿಯ ನಿಲುವಂಗಿ ಸುತ್ತಿಕೊಂಡು, ಜನ ಸ್ನಾನಕ್ಕೆ ಹೊರಟಿರುತ್ತಾರೆ. ಓತಾನಿ ಹೊಳೆಯ ದಡದಲ್ಲಿ ವಿಲೋ ಮರಗಳು, ಅಡ್ಡಲಾಗಿ ಪುಟ್ಟ ಕಲ್ಲಿನ ಸೇತುವೆಗಳು. ಹೆಗಲ ಮೇಲೆ ಟವೆಲು ಹಾಕಿಕೊಂಡವರನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಕ್ಯೋಟೋದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ ದೂರದ ಊರಿದು. ಇಲ್ಲಿನ ಬಿಸಿನೀರ ಬುಗ್ಗೆಗೆ 1300 ವರ್ಷಗಳ ಹೆಸರು. ಉಳಿಯಲು ರ್ಯೋಕಾನ್ ಎಂಬ ಹಳೇ ಕಾಲದ ವಸತಿಗೃಹಗಳಿವೆ. ದುಡ್ಡು ಕೊಟ್ಟು ರೂಮು ಹಿಡಿದವರು ಸ್ನಾನಕ್ಕೆ ಬೀದಿಗಿಳಿಯುವುದೇಕೆ?

ಅದರ ಹಿಂದೊಂದು ವ್ಯಾಜ್ಯವಿದೆ. 1925ರ ಭೂಕಂಪ, ಬೆಂಕಿಗೆ ಊರು ಸುಟ್ಟುಹೋಯಿತು. ಮತ್ತೆ ಕಟ್ಟಿಕೊಳ್ಳುವಾಗ, 1927ರಲ್ಲಿ, ಒಂದು ರ್ಯೋಕಾನ್ ತನ್ನೊಳಗೇ ಬಿಸಿನೀರಿನ ತೊಟ್ಟಿ ಮಾಡಿಕೊಂಡಿತು. ಬುಗ್ಗೆ ಊರಿಗೆಲ್ಲ ಸೇರಿದ್ದು, ಒಬ್ಬರ ಸೊತ್ತಲ್ಲ ಎಂದು ಊರವರು ತಿರುಗಿಬಿದ್ದರು. ಕೋರ್ಟಿನ ಜಗಳ 1950ರವರೆಗೆ ಎಳೆದು ರಾಜಿಯಲ್ಲಿ ಮುಗಿಯಿತು: ಒಳಗೆ ತೊಟ್ಟಿ ಇರಲಿ, ಆದರೆ ಚಿಕ್ಕದಿರಲಿ. ಹಾಗಾಗಿಯೇ ಊರಿನ ಸಾರ್ವಜನಿಕ ಸ್ನಾನಗೃಹಗಳು ಇಂದಿಗೂ ಗಿಜಿಗುಡುತ್ತವೆ. ಸೋತವರು ಯಾರೋ, ಲಾಭ ಮಾತ್ರ ಅತಿಥಿಗಳಿಗೆ.

ಸ್ನಾನಕ್ಕೆ ಒಂದು ಕ್ರಮವಿದೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆ. ಮೈಮೇಲೆ ನೂಲೆಳೆಯೂ ಇರಕೂಡದು. ಗಿಡ್ಡ ಮಣೆಯ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ಮೈ ತೊಳೆದ ಮೇಲೆಯೇ ಕೊಳಕ್ಕೆ ಇಳಿಯಬೇಕು. ಕೈಯಲ್ಲಿನ ಚಿಕ್ಕ ಟವೆಲು ನೀರಿಗೆ ತಾಗಬಾರದು, ತಲೆಯ ಮೇಲಿಟ್ಟುಕೊಳ್ಳುವುದು ವಾಡಿಕೆ. ಬಚ್ಚಲ ಬಾಗಿಲಿಗೆ ಚಿಲಕ ಹಾಕಿಕೊಂಡು ಹಂಡೆಯ ನೀರು ಹುಯ್ದುಕೊಂಡು ಬೆಳೆದ ನಮಗೆ ಮೊದಲ ಐದು ನಿಮಿಷ ಕಷ್ಟ. ಆಮೇಲೆ ಬಿಸಿ ಮೂಳೆಗಿಳಿದಂತೆ ನಾಚಿಕೆ ತಾನೇ ಕರಗುತ್ತದೆ. ಲೇಖಕ ಶಿಗಾ ನವೋಯಾ 1913ರಲ್ಲಿ ರೈಲು ಬಡಿದು ಗಾಯಗೊಂಡಾಗ ಚೇತರಿಸಿಕೊಳ್ಳಲು ಬಂದದ್ದು ಈ ಊರಿನ ಬಿಸಿನೀರಿಗೇ. ಆ ದಿನಗಳಿಂದ ಹುಟ್ಟಿದ ‘ಕಿನೋಸಾಕಿಯಲ್ಲಿ’ ಕಥೆ 1917ರಲ್ಲಿ ಪ್ರಕಟವಾಯಿತು.

ಸ್ನಾನ ಮುಗಿಸಿ ಮತ್ತೆ ಸುತ್ತಿಕೊಳ್ಳುವಾಗ ಯುಕಾತಾದ ಎಡ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಇನ್ನು ಊಟ. ಚಳಿಗಾಲದಲ್ಲಿ ಮತ್ಸುಬಾ ಏಡಿಯದೇ ದರ್ಬಾರು. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ಬಿಡಿಸಿ ಹೇಳುವುದು ಒಳ್ಳೆಯದು: ಬರೀ ತರಕಾರಿ ಸೂಪಿನಲ್ಲೂ ಒಣಮೀನಿನ ‘ದಾಶಿ’ ಸಾರ ಅಡಗಿರುತ್ತದೆ.

ಊಟ ಮುಗಿಸಿ ಬರುವಷ್ಟರಲ್ಲಿ ಚಾಪೆಯ ಮೇಲಿನ ಗಿಡ್ಡ ಮೇಜು ಮೂಲೆ ಸೇರಿ, ಹಾಸಿಗೆ ಬಿಚ್ಚಿಕೊಂಡಿರುತ್ತದೆ. ಹೆಚ್ಚು ಹೊತ್ತು ಮಲಗುವಂತಿಲ್ಲ. ಬೆಳಗ್ಗೆ ಸ್ನಾನಗೃಹದ ಬಾಗಿಲು ತೆರೆದಾಗ ಮೊದಲು ಒಳಹೊಕ್ಕವರಿಗೆ ನೆನಪಿನ ಬಿಲ್ಲೆ ಸಿಗುತ್ತದೆ. ಅದರ ಆಸೆಗೆ ಕತ್ತಲಿರುವಾಗಲೇ ಸಾಲು ನಿಲ್ಲುವವರಿದ್ದಾರೆ.