ಸಾವಿನ ಪಾಠದಲ್ಲಿ ಹುಟ್ಟನ್ನು ಕಂಡವರು

ಅಸ್ತಿತ್ವವಾದದ ಪಾಠ ಶುರುವಾದರೆ ನನ್ನ ತರಗತಿ ಮಂಕಾಗುತ್ತಿತ್ತು. ಆತಂಕ, ಒಂಟಿತನ, ಸಾವು, ಬರೀ ಇವೇ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಸಾಯೋದರ ಬಗ್ಗೆ ಇಷ್ಟೆಲ್ಲ ಬರೆದವರು ಹುಟ್ಟೋದರ ಬಗ್ಗೆ ಯಾಕೆ ಬರೀಲಿಲ್ಲ?” ಬರೆದವರಿದ್ದಾರೆ, ಹಾನಾ ಅರೆಂಟ್ ಎಂದೆ. ಮುಂದಿನ ಮೂರು ತರಗತಿ ಅವರಿಗೇ ಹೋಯಿತು.

1906ರಲ್ಲಿ ಜರ್ಮನಿಯ ಯಹೂದಿ ಮನೆತನದಲ್ಲಿ ಹುಟ್ಟಿದ ಅರೆಂಟ್, ಮಾರ್ಬುರ್ಗ್‌ನಲ್ಲಿ ಹೈಡೆಗರ್ ಪಾಠ ಕೇಳಿದವರು. ತನ್ನ ಸಾವನ್ನು ಎದುರಿಗಿಟ್ಟುಕೊಂಡೇ ಮನುಷ್ಯ ತಾನಾಗುತ್ತಾನೆ ಎಂಬುದು ಆ ಗುರುವಿನ ವಿಚಾರ. ಆಮೇಲೆ ಹೈಡೆಲ್‌ಬರ್ಗ್‌ನಲ್ಲಿ ಕಾರ್ಲ್ ಯಾಸ್ಪರ್ಸ್ ಕೈಕೆಳಗೆ ಡಾಕ್ಟರೇಟ್ ಪ್ರಬಂಧ ಬರೆದರು. 1929ರಲ್ಲಿ ಅಚ್ಚಾದ ಅದರ ವಿಷಯ, ಸಂತ ಅಗಸ್ಟೀನನಲ್ಲಿ ಪ್ರೀತಿಯ ಕಲ್ಪನೆ. ಯಹೂದಿ ತರುಣಿಯೊಬ್ಬಳು ಕ್ರೈಸ್ತ ಸಂತನ ಬಳಿ ತನ್ನ ಪ್ರಶ್ನೆ ಒಯ್ದದ್ದು ನನಗೆ ಇವತ್ತಿಗೂ ಅಚ್ಚುಮೆಚ್ಚು. ಪ್ರಶ್ನೆ ಇದು: ದೇವರೊಬ್ಬನನ್ನೇ ಬಯಸಿ ಈ ಲೋಕವನ್ನು ದಾರಿಹೋಕನಂತೆ ದಾಟಬೇಕಾದವನಿಗೆ ಪಕ್ಕದ ಮನೆಯವನು ಯಾಕೆ ಬೇಕು?

1933ರಲ್ಲಿ ಬರ್ಲಿನ್‌ನ ಗ್ರಂಥಾಲಯದಲ್ಲಿ ಯಹೂದಿದ್ವೇಷದ ಬರಹಗಳನ್ನು ಕಲೆಹಾಕಿದ್ದಕ್ಕೆ ಪೊಲೀಸರು ಅವರನ್ನು ಹಿಡಿದರು. ಎಂಟು ದಿನದ ಮೇಲೆ ಬಿಟ್ಟರು; ಅವರು ದೇಶವನ್ನೇ ಬಿಟ್ಟರು. ಪ್ಯಾರಿಸ್, ಫ್ರಾನ್ಸಿನ ಗುರ್ಸ್ ಶಿಬಿರದ ಸೆರೆ, ಕೊನೆಗೆ 1941ರಲ್ಲಿ ನ್ಯೂಯಾರ್ಕ್. ಪಕ್ಕದ ಮನೆಯವನ ಪ್ರಶ್ನೆ ಈಗ ಪುಸ್ತಕದ್ದಾಗಿ ಉಳಿದಿರಲಿಲ್ಲ.

1958ರ ‘ದಿ ಹ್ಯೂಮನ್ ಕಂಡಿಷನ್’ನಲ್ಲಿ ಅವರು ಗ್ರೀಕರ ನಗರರಾಜ್ಯಕ್ಕೆ ಹೋಗುತ್ತಾರೆ. ಆ ಪುಸ್ತಕದಲ್ಲೊಂದು ಮೇಜಿನ ಹೋಲಿಕೆ ಬರುತ್ತದೆ. ಮೇಜು ಸುತ್ತ ಕೂತವರನ್ನು ಸೇರಿಸುತ್ತದೆ, ಒಬ್ಬರ ಮೇಲೊಬ್ಬರು ಬೀಳದಂತೆ ದೂರವೂ ಇಡುತ್ತದೆ. ನಾವೆಲ್ಲ ಹಂಚಿಕೊಂಡ ಲೋಕವೂ ಹಾಗೆಯೇ. ಅದನ್ನು ಕಿತ್ತೊಗೆದರೆ ಎದುರುಬದುರು ಕೂತವರಿಗೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ. ನಾಲ್ಕು ಜನರೆದುರು ನಿಂತು ಮಾತಾಡಿ ಹೊಸದೊಂದನ್ನು ಶುರುಮಾಡುವುದೇ ಅವರ ಪ್ರಕಾರ ರಾಜಕೀಯ. ಆ ಶಕ್ತಿ ಬಂದದ್ದು ಹುಟ್ಟಿನಿಂದ: ಪ್ರತಿ ಕೂಸೂ ಹಿಂದೆಂದೂ ಇಲ್ಲದ ಒಂದು ಆರಂಭ. ಇದಕ್ಕೆ ಆಧಾರ ಅಗಸ್ಟೀನನ ‘ಸಿಟಿ ಆಫ್ ಗಾಡ್’.

ಆದರೆ ಗ್ರೀಕ್ ನಗರರಾಜ್ಯ ಅಥೆನ್ಸಿನ ಸಭೆಗೆ ಹೆಂಗಸರಿಗೂ ಗುಲಾಮರಿಗೂ ಪ್ರವೇಶವಿರಲಿಲ್ಲ. ಅದು ಗೊತ್ತಿದ್ದೂ ಅರೆಂಟ್ ಅಲ್ಲಿ ಸಾಕಷ್ಟು ನಿಲ್ಲುವುದಿಲ್ಲ. ಇದನ್ನು ನಾನು ಒಪ್ಪಲಾರೆ. ತರಗತಿಯಲ್ಲೂ ಹಾಗೇ ಹೇಳಿದ್ದೇನೆ.

ಅಗಸ್ಟೀನನ ಬಗೆಗಿನ ಪ್ರಬಂಧ ಅಚ್ಚಾಗಿ ಮೂವತ್ತು ವರ್ಷದ ಮೇಲೆ ಇಂಗ್ಲಿಷ್ ಅನುವಾದಕ್ಕಾಗಿ ಅರೆಂಟ್ ಅದನ್ನು ತಿದ್ದಲು ಕೂತರು. ‘ನೇಟ್ಯಾಲಿಟಿ’, ಎಂದರೆ ಹುಟ್ಟಿಬಂದವರು ನಾವು ಎಂಬ ಸ್ಥಿತಿ, ಆ ಪದ ಪ್ರಬಂಧಕ್ಕೆ ಸೇರಿದ್ದು ಆಗಲೇ. ಅರೆಂಟ್ ತೀರಿಕೊಂಡದ್ದು 1975ರಲ್ಲಿ. ತಿದ್ದಿದ ಪ್ರಬಂಧ ಪುಸ್ತಕವಾಗಿ ಹೊರಬಂದದ್ದು 1996ರಲ್ಲಿ.