ಎಣ್ಣೆಯನ್ನು ಕೆಸರಿನಲ್ಲಿ ಹೂಳಬೇಡಿರಿ

ಮಳೆಗಾಲ ಸಮೀಪಿಸಿದಾಗ ಕಾರವಾರ, ಅಂಕೋಲೆಗಳ ದಂಡೆಯಲ್ಲಿ ನಡೆದರೆ ಅಂಗಾಲಿಗೆ ಡಾಂಬರಿನಂತಹ ಕರಿ ಉಂಡೆಗಳು ಮೆತ್ತಿಕೊಳ್ಳುವುದನ್ನು ನೀವು ಬಲ್ಲಿರಿ. ಹೊಂಡ ತೋಡಿ ಮುಚ್ಚಿದರಾಯಿತು, ಮಣ್ಣೇ ತಿಂದುಹಾಕುವುದು ಎಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧದಿಂದಲೇ ನಮಗೆ ಕೇಡು.

ಎಣ್ಣೆಯನ್ನು ತಿನ್ನುವುದು ಮಣ್ಣಲ್ಲ, ಬ್ಯಾಕ್ಟೀರಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳು. ಇವು ಸಮುದ್ರದ ನೀರಿನಲ್ಲಿಯೂ ಕೆಸರಿನಲ್ಲಿಯೂ ಸದಾ ಇರುತ್ತವೆ. ಎಣ್ಣೆ ಬಿದ್ದೊಡನೆ ಅದನ್ನು ತಿನ್ನಬಲ್ಲ ಜಾತಿಗಳು ಕೆಲವೇ ದಿನಗಳಲ್ಲಿ ಹೆಚ್ಚಿಕೊಳ್ಳುತ್ತವೆ. ಆಲ್ಕನಿವೊರಾಕ್ಸ್ ಎಂಬುದಕ್ಕಂತೂ ಎಣ್ಣೆಯೇ ಮುಖ್ಯ ಆಹಾರ. ಆದರೆ ಇಂತಹವಕ್ಕೆ ಮೊದಲ ತುತ್ತಿಗೇ ಆಮ್ಲಜನಕ ಬೇಕು. ಅದನ್ನು ಎಣ್ಣೆಯ ಕಣಕ್ಕೆ ಜೋಡಿಸಿಯೇ ಅವು ಎಣ್ಣೆಯನ್ನು ಮುರಿಯುತ್ತವೆ. ಒಂದು ಲೀಟರ್ ಎಣ್ಣೆ ಪೂರ್ತಿ ಜೀರ್ಣವಾಗಬೇಕಾದರೆ ೩ ಲಕ್ಷ ಲೀಟರಿಗೂ ಮೀರಿದ ಸಮುದ್ರದ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುವುದು! ತೆರೆ ಬಡಿಯುವ ದಂಡೆಯಲ್ಲಿ ಇದಕ್ಕೆ ಕೊರತೆಯಿಲ್ಲ. ದಿನಕ್ಕೆರಡು ಸಲ ಭರತಿ ಬಂದು ಹೊಸ ನೀರನ್ನು ತರುವುದಷ್ಟೆ.

ಕೆಸರಿನ ಸಂಗತಿ ಬೇರೆ. ಕಾಳಿಯ ಅಥವಾ ಗಂಗಾವಳಿಯ ಅಳಿವೆಯಲ್ಲಿ, ಕಾಂಡ್ಲ ಗಿಡಗಳ ಬುಡದಲ್ಲಿ, ಸಲಿಕೆಯಿಂದ ಒಂದು ಹೆಂಟೆ ಎತ್ತಿ ನೋಡಿರಿ. ಮೇಲಿನ ತೆಳುವಾದ ಪದರು ಕಂದುಬಣ್ಣ. ಅದರ ಕೆಳಗೆ ಬರಿಯ ಕಪ್ಪು, ಕೊಳೆತ ಮೊಟ್ಟೆಯ ನಾತ. ಕಂದು ಇರುವಷ್ಟು ಆಳಕ್ಕೆ ಗಾಳಿ ಇಳಿದಿದೆ. ಕಪ್ಪಿನಲ್ಲಿ ಆಮ್ಲಜನಕವಿಲ್ಲ, ಅಲ್ಲಿ ವಾಸಿಸುವ ಬ್ಯಾಕ್ಟೀರಿಯಗಳ ಕುಲವೇ ಬೇರೆ. ನೈಟ್ರೇಟು, ಕಬ್ಬಿಣದ ತುಕ್ಕು, ಸಮುದ್ರದ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟು, ಇವುಗಳಿಂದ ಅವು ಉಸಿರಾಟದ ಕೆಲಸ ತೀರಿಸಿಕೊಳ್ಳುತ್ತವೆ. ಆ ನಾತ ಸಲ್ಫೇಟು ಬಳಸಿದ್ದರ ಗುರುತು. ಇಂತಹವು ಎಣ್ಣೆಯನ್ನು ತಿನ್ನಲಾರವೆಂದೇ ಬಹುಕಾಲ ತಿಳಿದಿದ್ದರು. ೧೯೯೧ರಲ್ಲಿ ಜರ್ಮನಿಯ ವಿಜ್ಞಾನಿಗಳು ಸಲ್ಫೇಟು ಬಳಸುವ ಒಂದು ಜಾತಿಯನ್ನು ಬೆಳೆಸಿ, ಗಾಳಿಯಿಲ್ಲದೆಯೂ ಅದು ಎಣ್ಣೆಯ ಅಂಶಗಳನ್ನು ತಿನ್ನುವುದೆಂದು ತೋರಿಸಿದರು. ತಿನ್ನುವುದೇನೋ ಹೌದು, ಆದರೆ ಬಹಳ ನಿಧಾನ. ಮೇಲೆ ತಿಂಗಳುಗಳಲ್ಲಿ ಆಗುವ ಕೆಲಸಕ್ಕೆ ಅಲ್ಲಿ ವರ್ಷಗಳೇ ಹಿಡಿಯುತ್ತವೆ.

ರೈತರಿಗೆ ಇದು ಹೊಸ ಮಾತಲ್ಲ. ಗೊಬ್ಬರವನ್ನು ಮಗುಚಿ ಹಾಕಿದರೆ ಬೇಗ ಕಳಿಯುವುದು, ಒತ್ತಿ ಮುಚ್ಚಿದರೆ ನಾರುವುದು. ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ದುಡಿಯುವ ಬ್ಯಾಕ್ಟೀರಿಯಗಳ ದಾಯಾದಿಗಳೇ ಕೆಸರಿನ ಆಳದಲ್ಲಿಯೂ ಇವೆ. ಸಗಣಿ ಅವಕ್ಕೆ ಸುಲಭದ ಊಟ, ಎಣ್ಣೆ ಹಾಗಲ್ಲ.

೨೦೦೬ರ ಮೇ ೩೦ರಂದು ಓಶನ್ ಸೆರಾಯಾ ಎಂಬ ಹಡಗು ಕಾರವಾರದ ಎದುರಿನ ಆಯ್‌ಸ್ಟರ್ ರಾಕ್ ದ್ವೀಪದ ಬಳಿ ಬಂಡೆಗೆ ತಾಗಿ ಒಡೆಯಿತು. ಅದರಲ್ಲಿ ಸುಮಾರು ೬೫೦ ಟನ್ ಇಂಧನ ಎಣ್ಣೆಯಿತ್ತು. ಸೋರಿದ ಎಣ್ಣೆ ಗೋವೆಯ ದಂಡೆಗೂ ಹೋಯಿತು. ಮಳೆಗಾಲದ ತೆರೆಗಳು ಇಂತಹ ಎಣ್ಣೆಯನ್ನು ಒಡೆದು ಹರಡಿ ಬ್ಯಾಕ್ಟೀರಿಯಗಳಿಗೆ ಸಹಾಯ ಮಾಡುವುದು ನಿಜ. ಆದರೆ ಅದೇ ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ತಳ ಹಿಡಿದು ನಮ್ಮ ಪಡುವಣ ಕರಾವಳಿಯತ್ತ ಏರುವುದು. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ತಳದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಇಳಿಯುವುದುಂಟು. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇದನ್ನು ಅಳೆದು ತಿಳಿಸಿದ್ದಾರೆ. ಹೊಯಿಗೆಯೊಡನೆ ಕಲೆತು ತಳ ಸೇರಿದ ಎಣ್ಣೆಗೆ ಆ ದಿನಗಳಲ್ಲಿ ನಿಧಾನದ ಕುಲವೇ ಗತಿ.

ಹೂತ ಎಣ್ಣೆ ಎಷ್ಟು ಕಾಲ ಉಳಿಯುವುದೆಂಬುದಕ್ಕೆ ಅಲಾಸ್ಕದ ಉದಾಹರಣೆಯಿದೆ. ಅಲ್ಲಿ ೧೯೮೯ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಸೋರಿದ ಎಣ್ಣೆ, ಗಾಳಿಯಾಡದ ಜಲ್ಲಿಕಲ್ಲಿನ ಅಡಿಯಲ್ಲಿ ೨೦ ವರ್ಷಗಳ ತರುವಾಯವೂ ಸಿಕ್ಕಿತು. ಅಲ್ಲಿ ದಂಡೆಗೆ ಗೊಬ್ಬರ ಹಾಕಿದರಂತೆ, ನಾವೂ ಯೂರಿಯ ಎರಚೋಣವೇ ಎಂದು ನೀವು ಕೇಳಬಹುದು. ಬೇಡ. ಗಾಳಿಯಾಡುವ ದಂಡೆಯಲ್ಲಿ ಗೊಬ್ಬರದಿಂದ ಸ್ವಲ್ಪ ಉಪಯೋಗವಾಯಿತು. ನಮ್ಮ ಕೆಸರಿಗೆ ಕೊರತೆಯಾಗಿರುವುದು ಗಾಳಿಯೇ.

ಆದುದರಿಂದ ಡಾಂಬರು ಉಂಡೆಗಳನ್ನು ಬರಿಗೈಯಿಂದ ಮುಟ್ಟದೆ ಸಲಿಕೆಯಿಂದ ಎತ್ತಿ, ಭರತಿಯ ಗೆರೆಗಿಂತ ಮೇಲೆ ತಾಡಪಾಲಿನ ಮೇಲೆ ಕೂಡಿಸಿ, ಪಂಚಾಯತಿಗೆ ತಿಳಿಸಿರಿ. ಗಟ್ಟಿಯಾದ ಉಂಡೆಯ ಒಳಕ್ಕೆ ಗಾಳಿಯೂ ಹೋಗದು, ಬ್ಯಾಕ್ಟೀರಿಯವೂ ಹೋಗದು. ಅದು ತಾನಾಗಿ ಕರಗುವುದೆಂದು ಕಾಯಬೇಡಿರಿ. ಕಾಂಡ್ಲದ ಕೆಸರಿಗೆ ಎಣ್ಣೆ ಬಂದಿದ್ದರೆ ಗುಂಪು ಕಟ್ಟಿ ಇಳಿಯಬಾರದು. ಒಂದೊಂದು ಹೆಜ್ಜೆಯೂ ಎಣ್ಣೆಯನ್ನು ಕಂದು ಪದರಿನಿಂದ ಕಪ್ಪಿಗೆ ತುಳಿಯುವುದು. ಬೆಳಚು ಆರಿಸುವ ಹೆಂಗಸರು ಮುಂದಿನ ವರ್ಷ ಕೈಯಾಡಿಸುವುದು ಅದೇ ಕೆಸರಿನಲ್ಲಿ. ಗಜನಿಯ ಕಟ್ಟಿನೊಳಗೆ ಎಣ್ಣೆ ನುಗ್ಗದಂತೆ ಜಂತ್ರಡಿಯ ಹಲಗೆಗಳನ್ನು ಕೂಡಲೇ ಇಳಿಸಿರಿ. ನಿಂತ ನೀರಿನ ಗದ್ದೆಯಲ್ಲಿ ಗಾಳಿ ಇನ್ನೂ ಕಡಿಮೆ.

ಹಡಗು ಒಡೆಯುವುದು ಎಂದೋ ಒಮ್ಮೆ. ದೋಣಿಯ ಎಂಜಿನ್ನಿನ ಹಳೆಯ ಎಣ್ಣೆಯನ್ನು ಮಾತ್ರ ನಾವೇ ಹಳ್ಳಕ್ಕೆ ಸುರಿಯುತ್ತೇವೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ, ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿರಿ.