ಅಂತರ್ಜಾಲದಲ್ಲಿ ಉಗ್ರವಾದದ ಆಹ್ವಾನ

2015ರ ಫೆಬ್ರವರಿ 17ರಂದು ಪೂರ್ವ ಲಂಡನ್ನಿನ ಒಂದೇ ಶಾಲೆಯ ಮೂವರು ವಿದ್ಯಾರ್ಥಿನಿಯರು ಮನೆಯವರಿಗೆ ತಿಳಿಸದೆ ವಿಮಾನವೇರಿ ಇಸ್ತಾಂಬುಲ್ ಸೇರಿ, ಅಲ್ಲಿಂದ ಸಿರಿಯಾಕ್ಕೆ ತೆರಳಿದರು. ವಯಸ್ಸು 15-16, ಓದಿನಲ್ಲಿ ಜಾಣೆಯರು. ಅವರನ್ನು ಸೆಳೆದುದು 'ಇಸ್ಲಾಮಿಕ್ ಸ್ಟೇಟ್' ಎಂಬ ಉಗ್ರವಾದಿ ಸಂಘಟನೆ.

ಇದು ಒಂದೂರಿನ ಕಥೆಯಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 80 ದೇಶಗಳ ಸುಮಾರು 41,000 ಮಂದಿ ಇರಾಕ್ ಮತ್ತು ಸಿರಿಯಾಗಳಲ್ಲಿ ಈ ಸಂಘಟನೆಯೊಡನೆ ಬೆರೆತಿದ್ದರು. ಅವರಲ್ಲಿ ಸುಮಾರು 4,700 ಮಂದಿ ಸ್ತ್ರೀಯರು. ಅದರ ಪ್ರಚಾರವನ್ನು ಹರಡುತ್ತಿದ್ದ ಒಂದು ಟ್ವಿಟರ್ ಖಾತೆಯು ಬೆಂಗಳೂರಿನಿಂದಲೇ ನಡೆಯುತ್ತಿತ್ತೆಂಬುದು 2014ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದಿತು.

ಈ ಸೆಳೆತಕ್ಕೆ ಒಂದು ಕ್ರಮವಿದೆ. ಮೊದಲು ಎಲ್ಲರಿಗೂ ತೆರೆದಿರುವ ತಾಣಗಳಲ್ಲಿ ಯುದ್ಧಪೀಡಿತರ ಚಿತ್ರಗಳು ಕಾಣಿಸುತ್ತವೆ. ಅನ್ಯಾಯವನ್ನು ಕಂಡು ಮರುಗುವುದು ಎಳೆಯ ಮನಸ್ಸಿನ ಸಹಜ ಗುಣ, ಅದು ದೋಷವಲ್ಲ. ಹಾಗೆ ಮರುಗಿದವರನ್ನು ಗುರುತಿಸಿ, ಸ್ನೇಹ ಬೆಳೆಸಿ, ಅನ್ಯರು ಓದಲಾಗದ ಗುಪ್ತ ಸಂದೇಶಗಳಿಗೆ ಕರೆದೊಯ್ಯುತ್ತಾರೆ. ನಿನ್ನ ನೋವನ್ನು ನಾವು ಮಾತ್ರ ಬಲ್ಲೆವೆಂದು ನಂಬಿಸಿ, ತಂದೆತಾಯಿಗಳಿಂದಲೂ ಗುರುಗಳಿಂದಲೂ ದೂರಮಾಡುತ್ತಾರೆ. ಸ್ತ್ರೀಯರನ್ನು ಸೆಳೆಯಲು ಸ್ತ್ರೀಯರೇ ಮುಂದಾಗುತ್ತಿದ್ದರು. ಸಿರಿಯಾ ಸೇರಿದ ತರುಣಿಯರು ಅಲ್ಲಿನ ಮನೆ, ಮದುವೆ, ಗೆಳತಿಯರ ಒಡನಾಟಗಳನ್ನು ಬಣ್ಣಿಸಿ ಬರೆದು, ಪ್ರಯಾಣದ ಸಲಹೆಯನ್ನೂ ನೀಡುತ್ತಿದ್ದರು. ಹೋದವರಿಗೆ ಕಾದಿದ್ದುದು ಅವಸರದ ವಿವಾಹ, ಅಕಾಲ ವೈಧವ್ಯ, ಹಿಂದಿರುಗಲಾಗದ ಬಂಧನ. 2014ರಲ್ಲಿ ಯಜೀದಿ ಸ್ತ್ರೀಯರನ್ನು ದಾಸಿಯರನ್ನಾಗಿ ಮಾರಿದವರೂ ಇದೇ ಸಂಘಟನೆಯವರು.

ಈ ಮಾರ್ಗವು ಒಂದು ಮತಕ್ಕೆ ಸೀಮಿತವಲ್ಲ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಮಸೀದಿಗಳಲ್ಲಿ 51 ಜನರನ್ನು ಕೊಂದವನು, ಬಿಳಿಯರೇ ಶ್ರೇಷ್ಠರೆಂಬ ವಾದವನ್ನು ಅಂತರ್ಜಾಲದಲ್ಲಿ ಮೈಗೂಡಿಸಿಕೊಂಡವನು.

ಲಂಡನ್ ಪ್ರಕರಣದ ಒಂದು ಸಂಗತಿ ಶಿಕ್ಷಕರಿಗೆ ಮುಖ್ಯವಾದುದು. ಆ ಬಾಲಕಿಯರ ಗೆಳತಿಯೊಬ್ಬಳು 2014ರ ಡಿಸೆಂಬರಿನಲ್ಲಿಯೇ ಸಿರಿಯಾಕ್ಕೆ ಹೋಗಿದ್ದಳು. ವಿಚಾರಣೆಗೆ ಅನುಮತಿ ಕೋರಿ ಪೊಲೀಸರು ಪೋಷಕರಿಗೆ ಬರೆದ ಪತ್ರಗಳನ್ನು ಬಾಲಕಿಯರ ಕೈಗೇ ಕೊಟ್ಟರು. ಅವು ಪೋಷಕರಿಗೆ ದೊರೆತುದು ಮಕ್ಕಳು ಹೊರಟುಹೋದ ಮೇಲೆ.

ಸ್ತ್ರೀಪುರುಷರೆಂಬ ಭೇದವಿಲ್ಲದೆ ಪ್ರಶ್ನೆಗೆ ಆಸನವಿತ್ತುದು ಅನುಭವ ಮಂಟಪದ ಹಿರಿಮೆ. ಗುಪ್ತಕೂಟಗಳು ಮೊದಲು ಕಸಿದುಕೊಳ್ಳುವುದು ಆ ಪ್ರಶ್ನೆಯನ್ನೇ. ಆದುದರಿಂದ ಮಗುವಿನ ಮರುಕಕ್ಕೂ ಸಂಶಯಕ್ಕೂ ಶಾಲೆಯಲ್ಲಿ, ಮನೆಯಲ್ಲಿ ಕಿವಿಗೊಡುವವರಿರಬೇಕು. ಎಚ್ಚರಿಕೆಯ ಮಾತು ಪೋಷಕರನ್ನು ನೇರವಾಗಿ ಮುಟ್ಟಬೇಕು.